ಫ್ರಿಜ್ ಕೂಗಿದರೆ ಬಾಯಿ ಮುಚ್ಚಿಸುವ ಮೊದಲು

ಮನೆಬಳಕೆ ಯಂತ್ರಗಳ ಬಗ್ಗೆ ಓದುಗರ ಪ್ರಶ್ನೆಗಳಿಗೆ ರಿಪೇರಿ ಬಲ್ಲವರು ಉತ್ತರಿಸುವ ಅಂಕಣವಿದು. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಫ್ರಿಜ್‌ನವೇ. ಅದರಲ್ಲೂ ನಿಲ್ಲದ ಬೀಪ್ ಸದ್ದಿನ ದೂರೇ ಹೆಚ್ಚು. ಹಾಗಾಗಿ ಈ ಸಂಚಿಕೆಯನ್ನು ಪೂರ್ತಿ ಫ್ರಿಜ್‌ಗೇ ಬಿಟ್ಟಿದ್ದೇವೆ.

ಪ್ರಶ್ನೆ: ಆರು ವರ್ಷ ಹಳೆಯ ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ ನಮ್ಮದು. ಹದಿನೈದು ದಿನದಿಂದ ಬಾಗಿಲು ಹಾಕಿದ್ದರೂ ಬೀಪ್ ಬೀಪ್ ಎನ್ನುತ್ತಲೇ ಇದೆ. ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು ಸುಮ್ಮನಾಗಿ ಮತ್ತೆ ಶುರು. ರಾತ್ರಿ ಮನೆಮಂದಿಗೆ ನಿದ್ದೆಯಿಲ್ಲ. ಬಝರಿನ ವೈರನ್ನೇ ಕಿತ್ತುಬಿಡಬಹುದೇ?
— ಓದುಗರು, ಹುಬ್ಬಳ್ಳಿ

ಕಿತ್ತರೆ ಸದ್ದು ನಿಂತೀತು, ಆದರೆ ಒಳಗಿನ ಹಾಲು ಒಡೆಯುವುದು ನಿಲ್ಲದು. ಬಹಳಷ್ಟು ಫ್ರಿಜ್‌ಗಳಲ್ಲಿ ಬಝರನ್ನು ಡಿಸ್‌ಪ್ಲೇ ಬೋರ್ಡಿಗೇ ಬೆಸೆದಿರುತ್ತಾರೆ. ಅದನ್ನು ಕೀಳಲು ಹೋಗಿ ಬೋರ್ಡನ್ನೇ ಕೆಡಿಸಿಕೊಂಡವರೂ ಇದ್ದಾರೆ. ಮೊದಲು ಅದು ಯಾವ ಕೂಗು ಎಂದು ತಿಳಿಯಬೇಕು.

ಫ್ರಿಜ್ ಮೂರು ಕಾರಣಕ್ಕೆ ಕೂಗುತ್ತದೆ. ಬಾಗಿಲು ತೆರೆದಿದೆ ಎಂದು ಅದಕ್ಕೆ ಅನ್ನಿಸಿದಾಗ, ಒಳಗಿನ ಬಿಸಿ ಮಿತಿ ಮೀರಿದಾಗ, ಇಲ್ಲವೇ ಸೆನ್ಸರ್, ಫ್ಯಾನ್ ಮುಂತಾದ ಭಾಗವೊಂದು ಕೈಕೊಟ್ಟಾಗ. ಬಾಗಿಲಿನ ಕೂಗು ಸಾಮಾನ್ಯವಾಗಿ ಬಾಗಿಲು ತೆರೆದು ಒಂದರಿಂದ ಮೂರು ನಿಮಿಷಕ್ಕೆ ಶುರುವಾಗಿ, ಮುಚ್ಚಿದ ಕೂಡಲೇ ನಿಲ್ಲುತ್ತದೆ. ಬಿಸಿಯ ಕೂಗು ಬಾಗಿಲು ಮುಚ್ಚಿದರೂ ನಿಲ್ಲುವುದಿಲ್ಲ. ಗುಂಡಿ ಒತ್ತಿದರೆ ಸದ್ದು ಅಡಗುತ್ತದೆಯೇ ಹೊರತು ಕೆಂಪು ದೀಪವೋ ಮಿನುಗುವ ಅಂಕಿಯೋ ಹಾಗೇ ಉಳಿಯುತ್ತದೆ. ಮೂರನೆಯದರಲ್ಲಿ ಡಿಸ್‌ಪ್ಲೇ ಮೇಲೆ ಅಕ್ಷರ, ಅಂಕಿ ಸೇರಿದ ಸಂಕೇತ ಬರುತ್ತದೆ. ಅದನ್ನು ಹಾಗೇ ಬರೆದಿಟ್ಟುಕೊಳ್ಳಿ. ಪ್ಲಗ್ ಕಿತ್ತು ಹಾಕಿದರೆ ಅದು ಅಳಿಸಿಹೋಗಬಹುದು, ಆಮೇಲೆ ರಿಪೇರಿಯವರಿಗೂ ಕತ್ತಲಲ್ಲಿ ತಡಕಾಟ.

ಈಗ ಪರೀಕ್ಷೆ. ಫ್ರಿಜ್ ಕೂಗುತ್ತಿರುವಾಗಲೇ ಬಾಗಿಲಿನ ಮೇಲಿನ ಮೂಲೆಯನ್ನು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಬಳಿಕ ಕೆಳಗಿನ ಮೂಲೆ. ಸದ್ದು ನಿಂತರೆ ತೊಂದರೆ ಬಾಗಿಲಿನದ್ದೇ. ಇನ್ನೊಂದು ಸುಲಭದ ಉಪಾಯವಿದೆ: ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಮಧ್ಯದ ತಟ್ಟೆಯಲ್ಲಿ ಆನಿಸಿಟ್ಟು ಬಾಗಿಲು ಹಾಕಿ, ಅರ್ಧ ನಿಮಿಷ ಬಿಟ್ಟು ತೆಗೆದು ನೋಡಿ. ಬಾಗಿಲು ಮುಚ್ಚಿದ ಮೇಲೂ ಒಳಗೆ ದೀಪ ಉರಿಯುತ್ತಿದ್ದರೆ, ಬಾಗಿಲು ಮುಚ್ಚಿದ್ದು ಫ್ರಿಜ್‌ಗೆ ಗೊತ್ತಾಗುತ್ತಿಲ್ಲ ಎಂದರ್ಥ. ಹಳೆಯ ಫ್ರಿಜ್‌ನಲ್ಲಿ ತಂತಿ ಬಲ್ಬ್ ಇದ್ದರೆ ಅದು ಹಗಲೂ ರಾತ್ರಿ ಒಳಗೆ ಒಲೆಯಂತೆ ಕಾಯುತ್ತಲೂ ಇರುತ್ತದೆ.

ಬಾಗಿಲಿನ ಸ್ವಿಚ್ಚಿನಲ್ಲಿ ಎರಡು ಬಗೆ. ಚೌಕಟ್ಟಿನಲ್ಲಿ ಬಿಳಿ ಪ್ಲಾಸ್ಟಿಕ್ ಗುಂಡಿ ಕಂಡರೆ ಬೆರಳಿನಿಂದ ಒತ್ತಿ ನೋಡಿ. ದೀಪ ಆರಿ ಸದ್ದೂ ನಿಂತರೆ ಸ್ವಿಚ್ ಸರಿಯಿದೆ, ಬಾಗಿಲು ಅದರ ತನಕ ತಲುಪುತ್ತಿಲ್ಲ. ಗುಂಡಿ ಒಳಗೆ ಹೋಗಿ ಅಂಟಿಕೊಂಡಿದ್ದರೆ ಅಥವಾ ಅಲುಗಾಡುತ್ತಿದ್ದರೆ ಸ್ವಿಚ್ ಬದಲಿಸಿ, ಅದು ದುಬಾರಿ ಭಾಗವಲ್ಲ. ಗುಂಡಿಯೇ ಕಾಣದಿದ್ದರೆ ನಿಮ್ಮದು ಅಯಸ್ಕಾಂತದ ಸ್ವಿಚ್. ಬಾಗಿಲಿನ ಅಂಚಿನಲ್ಲಿ ಚಿಕ್ಕ ಅಯಸ್ಕಾಂತ ಇರುತ್ತದೆ. ಅದಕ್ಕೆದುರಾಗಿ ಚೌಕಟ್ಟಿನಲ್ಲೋ ಮೇಲಿನ ಕೀಲಿನ ಮುಚ್ಚಳದಡಿಯಲ್ಲೋ ರೀಡ್ ಸ್ವಿಚ್ ಕೂತಿರುತ್ತದೆ. ಬಾಗಿಲು ತೆರೆದಿಟ್ಟು ಬೇರೊಂದು ಗಟ್ಟಿ ಅಯಸ್ಕಾಂತವನ್ನು ಆ ಜಾಗದ ಹತ್ತಿರ ಆಡಿಸಿ. ಎಲ್ಲೋ ಒಂದು ಕಡೆ ದೀಪ ಆರಲೇಬೇಕು. ಎಲ್ಲೂ ಆರದಿದ್ದರೆ ಸ್ವಿಚ್ ಅಥವಾ ಅದರ ವೈರು ಹೋಗಿದೆ.

ಇನ್ನು ಬಾಗಿಲಿನ ರಬ್ಬರ್, ಅಂದರೆ ಗ್ಯಾಸ್ಕೆಟ್. ನಿಜವಾದ ಕಳ್ಳ ಹೆಚ್ಚಾಗಿ ಇಲ್ಲೇ ಸಿಗುವುದು. ಹತ್ತು ರೂಪಾಯಿ ನೋಟನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ನೋಟು ಹಿಡಿದು ಬಿಡುವಂತೆ ಬರಬೇಕು. ಸರಾಗವಾಗಿ ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಸುತ್ತಲೂ ಗೇಣಿಗೊಂದು ಕಡೆ ಹೀಗೆ ನೋಡಿ. ಕೀಲಿನ ಬದಿ ಮತ್ತು ಕೆಳಗಿನ ಮೂಲೆಗಳನ್ನಂತೂ ಬಿಡಬೇಡಿ. ರಬ್ಬರಿನ ಮಡಿಕೆಯಲ್ಲಿ ಹಾಲು, ಬೆಲ್ಲದ ಪಾಕ, ಉಪ್ಪಿನಕಾಯಿ ರಸ ಒಣಗಿ ಅಂಟಿದ್ದರೆ ಪಾತ್ರೆ ಸೋಪು ಕದಡಿದ ಉಗುರುಬೆಚ್ಚಗಿನ ನೀರು, ಹಳೆಯ ಹಲ್ಲುಜ್ಜುವ ಬ್ರಶ್ ಸಾಕು. ಸೀಮೆಎಣ್ಣೆ, ಥಿನ್ನರ್ ಬೇಡ, ರಬ್ಬರ್ ಬಿರುಸಾಗಿ ಸೀಳುತ್ತದೆ. ಸೊಟ್ಟಗಾಗಿದ್ದರೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಮೂರ್ನಾಲ್ಕು ನಿಮಿಷ ಒತ್ತಿಡಿ, ಅಥವಾ ಹೇರ್ ಡ್ರೈಯರನ್ನು ಗೇಣು ದೂರದಿಂದ ಆಡಿಸಿ. ಮೆತ್ತಗಾದ ಮೇಲೆ ಕೈಯಲ್ಲೇ ತಿದ್ದಿ, ಬಾಗಿಲು ಹಾಕಿ ರಾತ್ರಿಯಿಡೀ ಅಂಟುಪಟ್ಟಿ ಬಿಗಿದಿಡಿ. ಹರಿದಿದ್ದರೆ ಬದಲಿಸುವುದೊಂದೇ ದಾರಿ. ಈಗಿನ ಫ್ರಿಜ್‌ಗಳಲ್ಲಿ ಹೆಚ್ಚಿನವು ಬಾಗಿಲಿನ ತೋಡಿಗೆ ಒತ್ತಿ ಕೂರಿಸುವಂಥವು, ಸ್ಕ್ರೂ ಇಲ್ಲ. ಮಾಡೆಲ್ ನಂಬರ್ ಹೇಳಿಯೇ ತರಿಸಿ. ಅಳತೆ ನೋಡಿ ಕತ್ತರಿಸಿ ಕೊಡುವ ರಬ್ಬರ್ ಮೂಲೆಗಳಲ್ಲಿ ಕೂರುವುದಿಲ್ಲ.

ಫ್ರಿಜ್‌ನ ನಿಲುವನ್ನೂ ಗಮನಿಸಿ. ಮುಂದಿನ ಎರಡು ಕಾಲು ಹಿಂದಿನವಕ್ಕಿಂತ ಒಂದೆಳೆ ಎತ್ತರ ಇರಬೇಕು. ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ ತಾನಾಗಿ ಹಿಂದಕ್ಕೆ ಬರಬೇಕು. ನೆಲ ತೊಳೆಯಲು ಫ್ರಿಜ್ ಸರಿಸಿದ ಮಾರನೆಯ ದಿನದಿಂದ ಕೂಗು ಶುರುವಾಗಿದ್ದರೆ ಬೇರೆ ಕಾರಣ ಹುಡುಕುವ ಮೊದಲು ಕಾಲಿನ ತಿರುಪು ತಿರುಗಿಸಿ ನೋಡಿ.

ಇಷ್ಟೆಲ್ಲ ಸರಿಯಿದ್ದೂ ಕೂಗಿದರೆ ಅಳೆಯಬೇಕು. ಫ್ರಿಜ್ ಥರ್ಮಾಮೀಟರ್ ಒಂದನ್ನು ನೀರು ತುಂಬಿದ ಲೋಟದಲ್ಲಿ ಮುಳುಗಿಸಿ ಮಧ್ಯದ ತಟ್ಟೆಯಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ 2ರಿಂದ 5 ಡಿಗ್ರಿ ತೋರಿಸಬೇಕು. ಫ್ರೀಜರಿನಲ್ಲಿ ಪೊಟ್ಟಣಗಳ ನಡುವೆ ಇಟ್ಟರೆ ಮೈನಸ್ 18ರ ಆಸುಪಾಸು. ಗಾಳಿಯಲ್ಲಿ ತೂಗಿಬಿಟ್ಟು ನೋಡಬೇಡಿ, ಬಾಗಿಲು ತೆಗೆದ ಕ್ಷಣಕ್ಕೇ ಅಂಕಿ ಓಡುತ್ತದೆ. ಎರಡೂ ಕಡೆ ತಂಪು ಸರಿಯಿದ್ದು ಕೂಗು ಮಾತ್ರ ಉಳಿದರೆ ಸುಳ್ಳು ಹೇಳುತ್ತಿರುವುದು ಸೆನ್ಸರ್ ಅಥವಾ ಬೋರ್ಡ್. ತಂಪೇ ಇಲ್ಲದಿದ್ದರೆ ಮುಂದಿನ ಉತ್ತರ ನಿಮಗೂ ಸೇರಿದ್ದು.

ಪ್ರಶ್ನೆ: ಮೇಲೆ ಫ್ರೀಜರಿನಲ್ಲಿ ಐಸ್ ಆಗುತ್ತದೆ. ಕೆಳಗೆ ಮಾತ್ರ ತಂಪಿಲ್ಲ, ದೋಸೆ ಹಿಟ್ಟು ಒಂದೇ ದಿನಕ್ಕೆ ಹುಳಿ. ಬಿಸಿಯ ಕೆಂಪು ದೀಪ ಉರಿದು ಅಲಾರಾಂ ಬಡಿಯುತ್ತದೆ. ರಿಪೇರಿಯವರು ಬಂದು, ಮುಟ್ಟಿ ನೋಡಿ, "ಗ್ಯಾಸ್ ಖಾಲಿ" ಎಂದರು. ತುಂಬಿಸಬೇಕೇ?
— ಗೃಹಿಣಿ, ಮಂಗಳೂರು

ಸದ್ಯಕ್ಕೆ ಬೇಡ. ಫ್ರಿಜ್‌ನ ಗ್ಯಾಸ್ ಅಡುಗೆ ಸಿಲಿಂಡರಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಬೆಸುಗೆ ಹಾಕಿದ ಕೊಳವೆಯೊಳಗೆ ಅದು ಸುತ್ತುತ್ತಲೇ ಇರುತ್ತದೆ. ಸೋರದೆ ಕಡಿಮೆಯಾಗುವುದಿಲ್ಲ. ಸೋರಿದ್ದರೆ ಎಲ್ಲಿ ಸೋರಿತು ಎಂದು ತೋರಿಸದೆ ತುಂಬಿಸುವುದು ತೂತು ಕೊಡಕ್ಕೆ ನೀರು ಹಾಕಿದಂತೆ. ಮೇಲೆ ಐಸ್ ಚೆನ್ನಾಗಿದ್ದು ಕೆಳಗೆ ಬಿಸಿ ಎಂಬ ಲಕ್ಷಣ ಕೇಳಿದರೆ ಮೊದಲು ಅನುಮಾನ ಬರಬೇಕಾದ್ದು ಡಿಫ್ರಾಸ್ಟ್, ಅಂದರೆ ಒಳಗೆ ಕೂತ ಹಿಮ ಕರಗಿಸುವ ವ್ಯವಸ್ಥೆಯ ಮೇಲೆ.

ಫ್ರಾಸ್ಟ್ ಫ್ರೀ ಫ್ರಿಜ್‌ನಲ್ಲಿ ಸಾಮಾನ್ಯವಾಗಿ ತಂಪು ಹುಟ್ಟುವುದು ಫ್ರೀಜರಿನ ಹಿಂದಿನ ಪ್ಲಾಸ್ಟಿಕ್ ಹಲಗೆಯ ಮರೆಯಲ್ಲಿರುವ ಒಂದೇ ಕಾಯಿಲ್‌ನಲ್ಲಿ, ಅಂದರೆ ಕೊಳವೆಯ ಸುರುಳಿಯಲ್ಲಿ. ಫ್ಯಾನ್ ಅದರ ಮೇಲೆ ಗಾಳಿ ಬೀಸಿ ಒಂದಿಷ್ಟನ್ನು ಫ್ರೀಜರಿಗೂ ಉಳಿದದ್ದನ್ನು ಗಾಳಿದಾರಿಯಿಂದ ಕೆಳಗೂ ತಳ್ಳುತ್ತದೆ. ಬಾಗಿಲು ತೆಗೆದಾಗಲೆಲ್ಲ ನುಗ್ಗುವ ತೇವ ಆ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತದೆ. ಅದನ್ನು ಕರಗಿಸಲು ದಿನಕ್ಕೆ ಒಂದೆರಡು ಸಲ ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ನಿಂತು, ಕಾಯಿಲ್ ಅಡಿಯ ಹೀಟರ್ ಇಪ್ಪತ್ತು, ಮೂವತ್ತು ನಿಮಿಷ ಉರಿಯಬೇಕು. ಹೀಟರ್ ಉರಿಯದಿದ್ದರೆ ಹಿಮ ಗಡ್ಡೆಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಫ್ರೀಜರ್ ಪಕ್ಕದಲ್ಲೇ ಇರುವುದರಿಂದ ಅದಕ್ಕೆ ತಂಪು ಸಿಗುತ್ತದೆ, ಕೆಳಗಿನ ಮನೆಗೆ ಸಿಗುವುದಿಲ್ಲ. ಕರಾವಳಿಯ ಗಾಳಿಯಲ್ಲಿ ತೇವ ಜಾಸ್ತಿ, ಹಾಗಾಗಿ ನಿಮ್ಮಲ್ಲಿ ಇದು ಬೇಗ ಮುಖ ತೋರಿಸುತ್ತದೆ.

ಖರ್ಚಿಲ್ಲದ ಪರೀಕ್ಷೆ ಇದು: ಸಾಮಾನು ತೆಗೆದು, ಪ್ಲಗ್ ಕಿತ್ತು, ಎರಡೂ ಬಾಗಿಲು ತೆರೆದು 24 ಗಂಟೆ ಬಿಡಿ. ಕೆಳಗೆ ಹಳೆಯ ಟವೆಲ್ ಹಾಸಿರಿ. ಚಾಕು, ಸ್ಕ್ರೂಡ್ರೈವರ್ ಹಿಡಿದು ಐಸ್ ಕೆತ್ತಬೇಡಿ. ಕಾಯಿಲ್ ತೂತಾದರೆ ಆಗ ಗ್ಯಾಸ್ ನಿಜವಾಗಿಯೂ ಹೋಗುತ್ತದೆ. ಪೂರ್ತಿ ಕರಗಿದ ಮೇಲೆ ಚಾಲೂ ಮಾಡಿ. ಒಂದು ವಾರವೋ ಹತ್ತು ದಿನವೋ ಎರಡೂ ಮನೆ ಚೆನ್ನಾಗಿ ತಣಿದು ಮತ್ತೆ ಹಳೆಯ ಹಾಡು ಶುರುವಾದರೆ, ಗ್ಯಾಸ್ ಸರಿಯಿದೆ, ಡಿಫ್ರಾಸ್ಟ್ ಕೆಟ್ಟಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಆಗ ಕರೆಸಿದವರಿಗೆ ಹಲಗೆ ಬಿಚ್ಚಿ ಕಾಯಿಲ್ ತೋರಿಸಲು ಹೇಳಿ. ಓದಲು ಬಾರದವರೂ ಓದಬಹುದಾದ ಪುಟ ಅದು. ಕಾಯಿಲ್‌ನ ಎಲ್ಲ ಸಾಲುಗಳ ಮೇಲೂ ಒಂದೇ ಸಮನೆ ತೆಳು ಬಿಳಿ ಹಿಮವಿದ್ದರೆ ಆರೋಗ್ಯ. ಇಡೀ ಕಾಯಿಲ್ ಐಸ್ ಗಡ್ಡೆಯೊಳಗೆ ಹೂತಿದ್ದರೆ ಡಿಫ್ರಾಸ್ಟ್ ದೋಷ. ಮೊದಲ ಎರಡು ಮೂರು ಸಾಲಿನಲ್ಲಷ್ಟೇ ಹಿಮ, ಉಳಿದದ್ದು ಬೋಳು ಎಂದಿದ್ದರೆ ಮಾತ್ರ ಗ್ಯಾಸಿನ ಮಾತು ಎತ್ತಬಹುದು.

ಡಿಫ್ರಾಸ್ಟ್ ಸಾಲಿನಲ್ಲಿ ನೋಡಬೇಕಾದ ಭಾಗಗಳು ನಾಲ್ಕು. ಪ್ಲಗ್ ಕಿತ್ತು ಮಲ್ಟಿಮೀಟರಿನಿಂದ ಅಳೆಯಬೇಕು. ಹೀಟರ್ 150ರಿಂದ 200 ವ್ಯಾಟಿನದ್ದಾದರೆ 230 ವೋಲ್ಟಿನ ಲೆಕ್ಕದಲ್ಲಿ ಸುಮಾರು 260ರಿಂದ 350 ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸಬೇಕು. ಏನೂ ತೋರದಿದ್ದರೆ ಸುಟ್ಟಿದೆ. ಮಿತಿ ಮೀರಿ ಕಾದರೆ ಕಡಿದುಕೊಳ್ಳುವ ಥರ್ಮಲ್ ಫ್ಯೂಸ್ ಸೊನ್ನೆಯ ಹತ್ತಿರ ಇರಬೇಕು. ಕಾಯಿಲ್‌ನ ಬಿಸಿ ನೋಡಿ ಹೀಟರಿನ ಸಂಪರ್ಕ ಕೂಡಿಸಿ ಬಿಡಿಸುವ ಬೈಮೆಟಲ್ ಥರ್ಮೋಸ್ಟ್ಯಾಟ್ ವಿಷಯದಲ್ಲಿ ಕಲಿತವರೂ ಎಡವುತ್ತಾರೆ. ಅದು ಚೆನ್ನಾಗಿ ತಣಿದಾಗ ಮಾತ್ರ ಕೂಡಿಕೊಳ್ಳುತ್ತದೆ, ಕೋಣೆಯ ಬಿಸಿಯಲ್ಲಿ ಬಿಟ್ಟುಕೊಂಡಿರುವುದೇ ಸರಿ. ಫ್ರೀಜರಿನಲ್ಲಿ ಕೆಲ ಗಂಟೆ ಇಟ್ಟು ತೆಗೆದ ಕೂಡಲೇ ಅಳೆಯಬೇಕು. ಹೊಸ ಫ್ರಿಜ್‌ಗಳಲ್ಲಿ ಬೈಮೆಟಲ್ ಬದಲು ಸೆನ್ಸರ್ ಇರುತ್ತದೆ. ಅದು ತಣ್ಣಗಾದಷ್ಟೂ ಓಮ್ ಏರಬೇಕು. ಕೋಣೆಯಲ್ಲಿ ತೋರಿದ್ದಕ್ಕಿಂತ ಐಸ್ ನೀರಿನಲ್ಲಿ ಸುಮಾರು ಎರಡೂವರೆಯಿಂದ ಮೂರು ಪಟ್ಟು ತೋರಿಸಿದರೆ ಅದರ ಮೇಲೆ ಅನುಮಾನ ಬೇಡ. ನಾಲ್ಕನೆಯದು ಟೈಮರ್, ಅಥವಾ ಅದರ ಕೆಲಸ ಮಾಡುವ ಬೋರ್ಡ್. ಹಳೆಯ ಟೈಮರಿನ ತಿರುಪನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಟಕ್ ಎಂದು ಕಂಪ್ರೆಸರ್ ನಿಂತು ಡಿಫ್ರಾಸ್ಟ್ ಶುರುವಾಗುತ್ತದೆ. ತಾನಾಗಿ ಮುಂದೆ ಹೋಗದಿದ್ದರೆ ಟೈಮರ್ ಸತ್ತಿದೆ.

ಗಡ್ಡೆಯೇ ಇಲ್ಲ, ಆದರೂ ಕೆಳಗೆ ಗಾಳಿ ಬರುವುದಿಲ್ಲ ಎಂದಾದರೆ ಫ್ಯಾನ್ ನೋಡಿ. ಬಾಗಿಲು ತೆಗೆದಾಗ ಫ್ಯಾನ್ ನಿಲ್ಲುವುದು ಸಹಜ. ಬಾಗಿಲಿನ ಸ್ವಿಚ್ ಒತ್ತಿ ಹಿಡಿದು ಫ್ಯಾನ್ ತಿರುಗುವ ಸದ್ದಿಗೆ ಕಿವಿಗೊಡಿ.

ಕೊನೆಗೂ ಸೋರಿಕೆಯೇ ಎಂದು ಖಚಿತವಾದರೆ ಕೆಲಸ ಹೀಗೆ ನಡೆಯಬೇಕು: ನೈಟ್ರೋಜನ್ ಒತ್ತಡ ಕೊಟ್ಟು ಸೋರುವ ಜಾಗ ಹುಡುಕಿ ಬೆಸೆಯುವುದು, ತೇವ ಹೀರುವ ಹೊಸ ಫಿಲ್ಟರ್ ಡ್ರೈಯರ್ ಹಾಕುವುದು, ಕೊಳವೆಯ ಗಾಳಿ ಎಳೆದುಹಾಕಲು ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸುವುದು, ಆಮೇಲೆ ಹಿಂಬದಿಯ ಲೇಬಲ್ಲಿನಲ್ಲಿರುವಷ್ಟೇ ಗ್ರಾಂ ಗ್ಯಾಸನ್ನು ತೂಗಿ ತುಂಬುವುದು. ಈಗಿನ ಹೆಚ್ಚಿನ ಫ್ರಿಜ್‌ಗಳಲ್ಲಿರುವುದು ಆರ್-600ಎ, ಅಂದರೆ ಐಸೋಬ್ಯುಟೇನ್, ಅಡುಗೆ ಅನಿಲದ ದಾಯಾದಿ. ಇಡೀ ಫ್ರಿಜ್‌ನಲ್ಲಿ ಇರುವುದು ಕೆಲವೇ ಹತ್ತು ಗ್ರಾಂ. ಹತ್ತು ಗ್ರಾಂ ಹೆಚ್ಚುಕಮ್ಮಿಯಾದರೂ ತಂಪು ಕೆಡುತ್ತದೆ. ಇದು ಹೊತ್ತಿಕೊಳ್ಳುವ ಗ್ಯಾಸ್, ಆದ್ದರಿಂದ ಕಿಟಕಿ ತೆರೆದಿರಬೇಕು, ಒಲೆ ಆರಿರಬೇಕು, ಗ್ಯಾಸ್ ಪೂರ್ತಿ ಹೊರಹಾಕದೆ ಬೆಸುಗೆಯ ಬೆಂಕಿ ಹಚ್ಚಬಾರದು. ತಕ್ಕಡಿಯಿಲ್ಲದೆ, ಪಂಪಿಲ್ಲದೆ ಬರೀ ಒತ್ತಡ ಅಳೆಯುವ ಗೇಜ್ ಹಿಡಿದು ಬಂದವರನ್ನು ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ.

ಪ್ರಶ್ನೆ: ಫ್ರಿಜ್ ಹಿಂದಿನಿಂದ ಕೀಂ ಎಂಬ ಸದ್ದು. ಫ್ರಿಜ್ ಆಫ್ ಮಾಡಿದರೂ ನಿಲ್ಲದು. ದೆವ್ವ ಹೊಕ್ಕಿದೆ ಎನ್ನುತ್ತಾರೆ ಮೊಮ್ಮಕ್ಕಳು.
— ನಿವೃತ್ತ ಶಿಕ್ಷಕರು, ತುಮಕೂರು

ದೆವ್ವ ಸ್ಟೆಬಿಲೈಸರಿನಲ್ಲಿದೆ. ಕರೆಂಟ್ ಮಿತಿಗಿಂತ ಮೇಲೆ ಅಥವಾ ಕೆಳಗೆ ಹೋದಾಗ ಕೆಲವು ಸ್ಟೆಬಿಲೈಸರ್‌ಗಳು ಹೀಗೆ ಕೂಗುತ್ತವೆ. ಅದರ ದೀಪ ಅಥವಾ ಅಂಕಿ ನೋಡಿ. ಮಲ್ಟಿಮೀಟರಿನಲ್ಲಿ ಮನೆಯ ಕರೆಂಟ್ 230ರ ಹತ್ತಿರವೇ ಇದ್ದು ಅದು ಮಾತ್ರ ಅರಚುತ್ತಿದ್ದರೆ ಒಳಗಿನ ರಿಲೇ ಸುಟ್ಟಿರಬಹುದು. ಹಾಗೆಯೇ ಹತ್ತಿರದಲ್ಲಿ ಯುಪಿಎಸ್ ಇದ್ದರೆ ಅದರ ಬ್ಯಾಟರಿ ನೀರನ್ನೂ ನೋಡಿಬಿಡಿ.

ಪ್ರಶ್ನೆ: ಸಂಜೆ ಹೊತ್ತು ಫ್ರಿಜ್ ಹಿಂದೆ ಗುಂಯ್ ಎಂದು ಸದ್ದಾಗಿ ಟಕ್ ಎನ್ನುತ್ತದೆ, ದೀಪ ಮಂಕಾಗುತ್ತದೆ. ನಾಲ್ಕು ನಿಮಿಷಕ್ಕೊಮ್ಮೆ ಇದೇ ಕಥೆ. ಬೆಳಗಿನ ಜಾವ ಮಾತ್ರ ಸರಿಯಾಗಿ ಓಡುತ್ತದೆ. ಒಂದೇ ಬಾಗಿಲಿನ ಹಳೆಯ ಫ್ರಿಜ್.
— ರೈತರು, ಸಿಂಧನೂರು

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಸಂಜೆ ಎಲ್ಲರ ಮನೆಯ ಮೋಟರು, ದೀಪ ಒಟ್ಟಿಗೆ ಹೊತ್ತಿ ವೋಲ್ಟೇಜ್ ಬೀಳುತ್ತದೆ. ಕಂಪ್ರೆಸರ್ ಎದ್ದೇಳಲು ಹೆಣಗಿ, ಏಳಲಾರದೆ ಬಿಸಿಯೇರುತ್ತದೆ. ಅದು ಸುಡದಿರಲೆಂದು ಓವರ್‌ಲೋಡ್ ಪ್ರೊಟೆಕ್ಟರ್ ಕರೆಂಟ್ ಕಡಿಯುತ್ತದೆ. ನೀವು ಕೇಳುವ ಟಕ್ ಅದೇ. ತಣಿದ ಮೇಲೆ ಮತ್ತೆ ಪ್ರಯತ್ನ. ಹೀಗೆ ದಿನಗಟ್ಟಲೆ ಬಿಟ್ಟರೆ ಕಂಪ್ರೆಸರಿನ ಸುರುಳಿ ಸುಡುವುದು ಖಂಡಿತ.

ಸದ್ದಾಗುವ ಹೊತ್ತಿನಲ್ಲೇ ಪ್ಲಗ್ ಪಾಯಿಂಟಿನಲ್ಲಿ ವೋಲ್ಟೇಜ್ ಅಳೆಸಿ. 180ಕ್ಕಿಂತ ಕೆಳಗಿದ್ದರೆ ಆ ಮಟ್ಟದಿಂದ ಎತ್ತಬಲ್ಲ ಸ್ಟೆಬಿಲೈಸರ್ ಬೇಕು. ಕರೆಂಟ್ ಬಂದ ಕೂಡಲೇ ಅಲ್ಲ, ಮೂರು ನಿಮಿಷ ತಡೆದು ಬಿಡುವಂಥದ್ದೇ ಕೊಳ್ಳಿ. ಕಂಪ್ರೆಸರ್ ನಿಂತ ಮೇಲೆ ಕೊಳವೆಯ ಎರಡೂ ಬದಿಯ ಒತ್ತಡ ಸರಿಸಮ ಆಗಲು ಅಷ್ಟು ಹೊತ್ತು ಬೇಕು. ಹೋಗಿ ಬಂದು ಮಾಡುವ ಕರೆಂಟು ಕಡಿಮೆ ಕರೆಂಟಿಗಿಂತ ದೊಡ್ಡ ವೈರಿ. ವೋಲ್ಟೇಜ್ ಸರಿಯಿದ್ದೂ ಹೀಗಾದರೆ ಪ್ಲಗ್ ಕಿತ್ತು, ಕಂಪ್ರೆಸರ್ ಪಕ್ಕದ ಕಪ್ಪು ಡಬ್ಬಿಯಲ್ಲಿರುವ, ಕಂಪ್ರೆಸರನ್ನು ಎಬ್ಬಿಸುವ ಪಿಟಿಸಿ ರಿಲೇ ತೆಗೆದು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಗಿಲಿಗಿಲಿ ಎಂದರೆ ಬಿಲ್ಲೆ ಒಡೆದಿದೆ. ಕಂಪ್ರೆಸರಿನ ನಂಬರ್ ಹೇಳಿ ಅದಕ್ಕೆ ಹೊಂದುವ ರಿಲೇಯನ್ನೇ ತನ್ನಿ. ಅದೂ ಸರಿಯಿದ್ದರೆ ಕಂಪ್ರೆಸರಿನ ಮೂರು ಕಡ್ಡಿಗಳ ನಡುವೆ ಓಮ್ ಅಳೆಯಬೇಕು. ಎರಡು ಚಿಕ್ಕ ಅಂಕಿಗಳನ್ನು ಕೂಡಿದರೆ ಮೂರನೆಯ ದೊಡ್ಡ ಅಂಕಿ ಬರಬೇಕು. ಯಾವ ಕಡ್ಡಿಗೂ ಲೋಹದ ಮೈಗೂ ಸಂಪರ್ಕ ಇರಕೂಡದು. ಲೆಕ್ಕ ತಪ್ಪಿದರೆ ಕಂಪ್ರೆಸರ್ ಹೋಗಿದೆ.

ಈ ಲೆಕ್ಕ ಬೇಕಾದಂತೆ ವೇಗ ಬದಲಿಸಿಕೊಂಡು ಓಡುವ ಇನ್ವರ್ಟರ್ ಕಂಪ್ರೆಸರಿಗೆ ಅನ್ವಯಿಸದು. ಅದರಲ್ಲಿ ರಿಲೇಯೂ ಇಲ್ಲ, ಮೂರೂ ಅಂಕಿ ಸಮನಾಗಿರುತ್ತವೆ. ಅದಕ್ಕೆ ನೇರ ಕರೆಂಟ್ ಕೊಟ್ಟು "ನೋಡೋಣ" ಎನ್ನುವವರ ಕೈಗೆ ಫ್ರಿಜ್ ಕೊಡಬೇಡಿ.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಮಧ್ಯಾಹ್ನ ಬಿಸಿಯ ಅಲಾರಾಂ ಬರುತ್ತದೆ, ರಾತ್ರಿ ತಾನೇ ನಿಲ್ಲುತ್ತದೆ. ಫ್ರಿಜ್‌ನ ಎರಡೂ ಪಕ್ಕ ಕೈ ಇಡಲಾಗದಷ್ಟು ಕಾಯುತ್ತದೆ.
— ಓದುಗರು, ರಾಯಚೂರು

ಪಕ್ಕ ಕಾಯುವುದು ರೋಗವಲ್ಲ. ಹಿಂದೆ ಬೆನ್ನಿಗೆ ಕಾಣುತ್ತಿದ್ದ ಕಪ್ಪು ಜಾಲರಿಯನ್ನು ಈಗ ಪಕ್ಕದ ತಗಡಿನೊಳಗೆ ಹುದುಗಿಸುತ್ತಾರೆ. ಒಳಗಿನ ಬಿಸಿ ಅಲ್ಲಿಂದಲೇ ಹೊರಗೆ ಹೋಗಬೇಕು. ಹೋಗಲು ಜಾಗ ಇದೆಯೇ ಎಂಬುದಷ್ಟೇ ಪ್ರಶ್ನೆ. ಎರಡು ಪಕ್ಕ, ಹಿಂದೆ ನಾಲ್ಕು ಬೆರಳು, ಮೇಲೆ ಒಂದು ಗೇಣು ಬಿಡಿ. ಮರದ ಕಪಾಟಿನೊಳಗೆ ಬಿಗಿಯಾಗಿ ಕೂರಿಸಿದ, ಮೇಲೆ ಕಸೂತಿ ಬಟ್ಟೆ ಇಳಿಬಿಟ್ಟ ಫ್ರಿಜ್ ರಾಯಚೂರಿನ ಬೇಸಿಗೆಯಲ್ಲಿ ಕಂಬಳಿ ಹೊದ್ದು ಓಡಿದ ಹಾಗೆ.

ಒಳಗಿನ ಅಥವಾ ಹಿಂದಿನ ಲೇಬಲ್ಲಿನಲ್ಲಿ ಹವಾಮಾನದ ದರ್ಜೆ ಎಂದು ಇಂಗ್ಲಿಷ್ ಅಕ್ಷರ ಇರುತ್ತದೆ. ಎನ್ ಎಂದರೆ ಕೋಣೆಯ ಬಿಸಿ 32 ಡಿಗ್ರಿವರೆಗೆ, ಎಸ್‌ಟಿ 38ರವರೆಗೆ, ಟಿ 43ರವರೆಗೆ. ರಾಯಚೂರು, ಕಲಬುರಗಿ ಕಡೆಗೆ ಟಿ ಇಲ್ಲದ ಫ್ರಿಜ್ ಕೊಳ್ಳಲೇಬಾರದು. ಕೊಲ್ಲಿ ದೇಶಗಳಲ್ಲಿರುವ ಕನ್ನಡಿಗರಿಗೂ ಇದೇ ಮಾತು. ತಗಡಿನ ಸೂರಿನ ಅಡುಗೆಮನೆ ಮಧ್ಯಾಹ್ನ ಆ ಮಿತಿಯನ್ನೂ ದಾಟುತ್ತದೆ. ಆಗ ಫ್ರಿಜ್ ಕೂಗಿದರೆ ಅದರ ತಪ್ಪಲ್ಲ. ನಡುಮನೆಗೆ ಸರಿಸಿ, ಬಿಸಿ ಸಾರು ಆರಿಸದೆ ಇಡಬೇಡಿ, ಬಾಗಿಲು ತೆಗೆದು ನಿಂತು ಏನು ತಿನ್ನೋಣ ಎಂದು ಯೋಚಿಸುವ ಮಕ್ಕಳಿಗೆ ಒಂದು ಮಾತು ಹೇಳಿ.

ಪ್ರಶ್ನೆ: ಕರೆಂಟ್ ಹೋದಾಗ, ಅಥವಾ ಫ್ರಿಜ್ ಕೆಟ್ಟು ರಿಪೇರಿಗೆ ಕಾಯುವಾಗ ಒಳಗಿನದನ್ನು ಎಷ್ಟು ಹೊತ್ತು ನಂಬಬಹುದು? ಅತ್ತೆಯವರ ಇನ್ಸುಲಿನ್ ಕೂಡ ಅದರಲ್ಲೇ ಇದೆ.
— ಗೃಹಿಣಿ, ವಿಜಯಪುರ

ಬಾಗಿಲು ತೆಗೆಯದಿದ್ದರೆ ಕೆಳಗಿನ ಮನೆ ಸುಮಾರು 4 ಗಂಟೆ ತಂಪು ಹಿಡಿದಿಡುತ್ತದೆ. ಪ್ರತ್ಯೇಕ ಬಾಗಿಲಿನ ಫ್ರೀಜರ್ ತುಂಬಿದ್ದರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದರೆ 24. ಒಂದೇ ಬಾಗಿಲಿನ ಫ್ರಿಜ್‌ನ ಪುಟ್ಟ ಐಸ್ ಡಬ್ಬಿಗೆ ಈ ಲೆಕ್ಕ ಹಚ್ಚಬೇಡಿ. ಖಾಲಿ ಜಾಗಕ್ಕೆ ನೀರಿನ ಬಾಟಲಿ ತುಂಬಿಟ್ಟರೆ ಐಸ್ ಆಗಿ ಆಪತ್ತಿಗೆ ಒದಗುತ್ತವೆ, ಬಾಟಲಿಯ ಕುತ್ತಿಗೆಯ ತನಕ ಮಾತ್ರ ತುಂಬಿ.

ಒಳಗಿನ ಬಿಸಿ 5 ಡಿಗ್ರಿ ದಾಟಿ ಎರಡು ಗಂಟೆ ಮೀರಿದರೆ ಮೊದಲು ಹೊರಗೆ ಹಾಕಬೇಕಾದ್ದು ಮಾಂಸ, ಮೀನು, ಹಾಲಿನ ಪದಾರ್ಥ, ತೆಂಗಿನಕಾಯಿ ಚಟ್ನಿ, ಅನ್ನ, ನಿನ್ನೆಯ ಪಲ್ಯ. "ಮತ್ತೆ ಕುದಿಸಿದರೆ ಆಯಿತು" ಎಂಬುದು ಅಪಾಯದ ಮಾತು, ಅನ್ನದಲ್ಲೂ ಹಾಲಿನಲ್ಲೂ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷ ಕುದಿಸಿದರೂ ಹೋಗುವುದಿಲ್ಲ. ತುಪ್ಪ, ಉಪ್ಪಿನಕಾಯಿ, ಇಡಿಯ ತರಕಾರಿ, ಹಣ್ಣಿಗೆ ಹೆದರಬೇಕಿಲ್ಲ. ದೋಸೆ ಹಿಟ್ಟು ಹುಳಿಯಾಗುತ್ತದೆ ಅಷ್ಟೇ, ಅದರ ಮೇಲೆ ಬಣ್ಣದ ಬೂಷ್ಟು ಕಂಡರೆ ಎಸೆಯಿರಿ.

ಊರಿಗೆ ಹೋಗುವವರಿಗೆ ಒಂದು ಉಪಾಯ: ಬಟ್ಟಲಿನಲ್ಲಿ ನೀರು ಐಸ್ ಮಾಡಿ, ಅದರ ಮೇಲೆ ಒಂದು ನಾಣ್ಯ ಇಟ್ಟು ಫ್ರೀಜರಿನಲ್ಲಿ ಬಿಟ್ಟುಹೋಗಿ. ಬಂದಾಗ ನಾಣ್ಯ ತಳದಲ್ಲಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ತಿಳಿಯಿರಿ.

ಇನ್ಸುಲಿನ್ ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿರಬೇಕು. ಬಳಕೆಯಲ್ಲಿರುವುದನ್ನು ತಂಪಾದ ಕೋಣೆಯಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇಡಬಹುದು, ನಿಮ್ಮ ಬಾಟಲಿಯ ಜೊತೆ ಬಂದ ಚೀಟಿಯಲ್ಲಿರುವ ಬಿಸಿಯ ಮಿತಿ ಮತ್ತು ದಿನವೇ ಅಂತಿಮ. ವಿಜಯಪುರದ ಬೇಸಿಗೆಗೆ ಹಳೆಯ ಮಡಕೆಯೇ ಸರಿ. ಬಾಟಲಿಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಇಟ್ಟು, ಗಾಳಿಯಾಡುವ ನೆರಳಿನಲ್ಲಿಡಿ. ಐಸಿನ ಮೇಲೆ ನೇರವಾಗಿ ಇಡಬೇಡಿ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ತಿಳಿಯಾಗಿ ಕಂಡರೂ ಕೆಲಸಕ್ಕೆ ಬಾರದು.

ಪ್ರಶ್ನೆ: ತರಕಾರಿ ಡಬ್ಬದ ಅಡಿಯಲ್ಲಿ ದಿನಾ ನೀರು. ಹಿಂದೆ ಸೊಳ್ಳೆ ಕೂಡ ಕಾಣುತ್ತವೆ.
— ಓದುಗರು, ಶಿವಮೊಗ್ಗ

ಹಿಂಬದಿ ಗೋಡೆಯ ಬುಡದಲ್ಲಿ ಬೆಂಕಿಕಡ್ಡಿ ಹೋಗುವಷ್ಟು ತೂತು ಇರುತ್ತದೆ. ಕೊತ್ತಂಬರಿ ದಂಟು, ಈರುಳ್ಳಿ ಸಿಪ್ಪೆ ಸಿಕ್ಕಿಕೊಂಡು ಕಟ್ಟಿದೆ. ಮೆತ್ತಗಿನ ಪ್ಲಾಸ್ಟಿಕ್ ಕಡ್ಡಿಯಿಂದ ಬಿಡಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಿಸಿನೀರು ಬಿಡಿ. ಅದು ಹಿಂದೆ ಕಂಪ್ರೆಸರ್ ಮೇಲಿನ ತಟ್ಟೆಗೆ ಇಳಿಯಬೇಕು. ಆ ತಟ್ಟೆಯೇ ನಿಮ್ಮ ಸೊಳ್ಳೆಗಳ ತವರು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂಥ ತಿಳಿನೀರಿನಲ್ಲೇ ಮೊಟ್ಟೆಯಿಡುವುದು. ಮಳೆಗಾಲದಲ್ಲಿ ವಾರಕ್ಕೊಮ್ಮೆ ತಟ್ಟೆ ಎಳೆದು ಚೆಲ್ಲಿ ಉಜ್ಜಿ ಒಣಗಿಸಿ. ಬರೀ ಚೆಲ್ಲಿದರೆ ಅಂಚಿಗೆ ಅಂಟಿದ ಮೊಟ್ಟೆ ಹಾಗೇ ಉಳಿಯುತ್ತದೆ.

ಪ್ರಶ್ನೆ: ಹೊಸ ಫ್ರಿಜ್. ದೀಪ ಉರಿಯುತ್ತದೆ, ಡಿಸ್‌ಪ್ಲೇ ಬರುತ್ತದೆ, ತಂಪೇ ಇಲ್ಲ.
— ಓದುಗರು, ಮೈಸೂರು

ಡಿಸ್‌ಪ್ಲೇ ಮೇಲೆ ಅಂಕಿಯ ಬದಲು ಇಂಗ್ಲಿಷಿನಲ್ಲಿ 'ಆಫ್' ಅಥವಾ ಅದರ ಮೊದಲೆರಡು ಅಕ್ಷರ ಕಾಣುತ್ತಿದ್ದರೆ ಅಂಗಡಿಯ ಪ್ರದರ್ಶನದ ಡೆಮೊ ಮೋಡಿನಲ್ಲಿದೆ, ಕಂಪ್ರೆಸರ್ ಓಡುವುದಿಲ್ಲ. ಕೈಪಿಡಿಯಲ್ಲಿ ಹೇಳಿದ ಎರಡು ಗುಂಡಿಗಳನ್ನು ಒಟ್ಟಿಗೆ ಕೆಲ ಸೆಕೆಂಡು ಒತ್ತಿದರೆ ಬಿಡುತ್ತದೆ. ಹೀಗೆ ಡೆಮೊದಲ್ಲಿರುವ ಫ್ರಿಜ್ ಬಂದಿದ್ದರೆ ಅದು ಅಂಗಡಿಯಲ್ಲಿ ನೋಡಲು ಇಟ್ಟಿದ್ದ ಪೀಸೋ ಏನೋ, ಬಿಲ್ ಕೊಟ್ಟವರನ್ನು ಒಮ್ಮೆ ಕೇಳಿ.

ಪ್ರಶ್ನೆ: ಬರಿಗಾಲಲ್ಲಿ ಹಿಡಿ ಮುಟ್ಟಿದರೆ ಜುಂ ಎನ್ನುತ್ತದೆ. ಟೆಸ್ಟರ್ ಕೂಡ ಮಿನುಗುತ್ತದೆ.
— ಓದುಗರು, ಕುಂದಾಪುರ

ಇದನ್ನು ಓದಿ ಮುಗಿಸುವ ಮೊದಲೇ ಪ್ಲಗ್ ಕೀಳಿ. ಮನೆಯ ಅರ್ಥಿಂಗ್ ಕಡಿದಿದೆ. ಬೋರ್ಡ್ ಇರುವ ಫ್ರಿಜ್‌ಗಳಲ್ಲಿ ಅರ್ಥ್ ಇಲ್ಲದಿದ್ದರೆ ಮೈಯಲ್ಲಿ ಸಣ್ಣ ಜುಂ ಇರುತ್ತದೆ, ಆದರೆ ಹೀಟರ್ ಅಥವಾ ಕಂಪ್ರೆಸರ್ ಸೋರಿ ಬಂದದ್ದೂ ಹೀಗೇ ಶುರುವಾಗುವುದು, ಮುಟ್ಟಿ ಎರಡನ್ನೂ ಬೇರೆ ಮಾಡಲಾಗದು. ಎಲೆಕ್ಟ್ರೀಷಿಯನ್ ಪ್ಲಗ್ ಪಾಯಿಂಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆದಾಗ ಫೇಸ್, ನ್ಯೂಟ್ರಲ್ ನಡುವಿನಷ್ಟೇ ವೋಲ್ಟ್ ಬರಬೇಕು. ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚಾದ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ. ಮೂರು ಕಡ್ಡಿಯ ಪ್ಲಗ್ಗಿನ ದಪ್ಪ ಕಡ್ಡಿ ಮುರಿದು ಎರಡು ಕಡ್ಡಿಯ ಪಾಯಿಂಟಿಗೆ ಚುಚ್ಚುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಪ್ರಶ್ನೆ: ಹನ್ನೊಂದು ವರ್ಷದ ಫ್ರಿಜ್. ಎರಡು ಸಲ ಬೋರ್ಡ್ ಬದಲಿಸಿದರೂ ಬೀಪ್ ನಿಂತಿಲ್ಲ. ಈಗ ಮೂರನೆಯ ಬೋರ್ಡ್ ಎನ್ನುತ್ತಾರೆ. ಇನ್ನು ಖರ್ಚು ಮಾಡಬೇಕೇ?
— ಓದುಗರು, ದಾವಣಗೆರೆ

ಎರಡು ಹೊಸ ಬೋರ್ಡೂ ಒಂದೇ ಮಾತು ಹೇಳಿದರೆ ತಪ್ಪು ಬೋರ್ಡಿನದ್ದಲ್ಲ. ಸೆನ್ಸರ್, ಅದರ ವೈರು, ಕನೆಕ್ಟರ್ ನೋಡಿ. ಮೇಲಿನ ಕೀಲಿನ ಮೂಲಕ ಬಾಗಿಲಿಗೆ ಹೋಗುವ ವೈರುಗಳು ಸಾವಿರಾರು ಸಲ ಮಡಚಿ ಬಿಚ್ಚಿ ಒಳಗೇ ತುಂಡಾಗುತ್ತವೆ. ಬಾಗಿಲನ್ನು ಮೆಲ್ಲಗೆ ಆಡಿಸುವಾಗ ಡಿಸ್‌ಪ್ಲೇ ಮಿನುಗಿದರೆ ಅದೇ. ಹಿಂದಿನ ಬೋರ್ಡ್ ಡಬ್ಬಿ ತೆರೆಸಿ ಹಲ್ಲಿ, ಜಿರಲೆ, ಇರುವೆ ನೋಡಿಸಿ. ಬೆಚ್ಚಗಿನ ಜಾಗವೆಂದು ಒಳಹೊಕ್ಕ ಹಲ್ಲಿಯೊಂದು ಎರಡು ಕಾಲು ಎರಡು ಕಡೆ ಇಟ್ಟರೆ ಬೋರ್ಡ್ ಸುಡಲು ಅಷ್ಟು ಸಾಕು. ವೈರು ಹೋಗುವ ದಾರಿಗೆ ಸಣ್ಣ ಜಾಲರಿ ಹೊಂದಿಸಿ, ಆದರೆ ಗಾಳಿಕಂಡಿ ಮುಚ್ಚಬೇಡಿ.

ಖರ್ಚಿನ ವಿಷಯ: ಸ್ವಿಚ್, ಗ್ಯಾಸ್ಕೆಟ್, ಫ್ಯಾನ್, ಹೀಟರ್, ಸೆನ್ಸರ್ ಇಷ್ಟರಲ್ಲಿ ಮುಗಿಯುವುದಾದರೆ ಹನ್ನೊಂದು ವರ್ಷದ ಫ್ರಿಜ್‌ಗೂ ಧಾರಾಳವಾಗಿ ಮಾಡಿಸಿ. ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆ ಸೋರಿದ್ದರೆ, ಅಥವಾ ಕಂಪ್ರೆಸರ್ ಹೋಗಿ ಒಟ್ಟು ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಬಿಟ್ಟುಬಿಡಿ. ಕಂಪ್ರೆಸರಿಗೆ ಹತ್ತು ವರ್ಷ ವಾರಂಟಿ ಎಂದು ಬರೆದಿರುವ ಕಡೆ ಗ್ಯಾಸ್, ಫಿಲ್ಟರ್, ಕೂಲಿ ಅದರಲ್ಲಿ ಸೇರಿದೆಯೇ ಎಂದು ಕಾರ್ಡಿನ ಸಣ್ಣ ಅಕ್ಷರ ಓದಿ, ಹೆಚ್ಚಾಗಿ ಸೇರಿರುವುದಿಲ್ಲ. ಬದಲಿಸಿದ ಹಳೆಯ ಬೋರ್ಡುಗಳನ್ನು ಕೇಳಿ ಇಸಿದುಕೊಳ್ಳಿ, ಬಿಲ್ಲಿನಲ್ಲಿ ಭಾಗದ ನಂಬರ್ ಬರೆಸಿ. ಕಾರಣ ತೋರಿಸದೆ ಮತ್ತೆ ಬೋರ್ಡಿಗೇ ದುಡ್ಡು ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು, ಆಗ ಆ ಬಿಲ್ಲುಗಳೇ ನಿಮ್ಮ ಸಾಕ್ಷಿ.

ಕೊಡುವುದೆಂದಾದರೆ ಗುಜರಿಯವರಿಗೆ ಬೇಡ. ಅವರು ತಾಮ್ರಕ್ಕಾಗಿ ಕೊಳವೆ ಕತ್ತರಿಸುತ್ತಾರೆ, ಉರಿಯುವ ಗ್ಯಾಸ್ ಅಲ್ಲೇ ಚಿಮ್ಮುತ್ತದೆ. ಇ-ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಫ್ರಿಜ್ ಕೂಡ ಬರುತ್ತದೆ. ಹೊಸದು ಕೊಳ್ಳುವ ಅಂಗಡಿಯ ವಿನಿಮಯಕ್ಕೋ ಅಧಿಕೃತ ಮರುಬಳಕೆದಾರರಿಗೋ ಕೊಡಿ. ಒಯ್ಯುವವರೆಗೆ ಹೊರಗೆ ಇಡುವುದಾದರೆ ಬಾಗಿಲುಗಳನ್ನು ಕೀಲಿನಿಂದ ಬಿಚ್ಚಿ ಬೇರೆಯಾಗಿಡಿ. ಕಣ್ಣಾಮುಚ್ಚಾಲೆ ಆಡುವ ಮಕ್ಕಳು ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡರೆ ಉಸಿರಾಡಲು ಗಾಳಿಯಿರುವುದಿಲ್ಲ.